ಆಪತ್ತಿನ ದಿನಕ್ಕೆ ಮನೆಯಲ್ಲಿ ಗ್ಯಾಸ್ ಇರಲಿ



ಈ ತಿಂಗಳ ಪಾಠ ಅಡುಗೆ ಗ್ಯಾಸಿನ ಬಗ್ಗೆ. ಗ್ಯಾಸ್ ಹಚ್ಚುವುದು ಹೇಗೆ, ಆರಿಸುವುದು ಹೇಗೆ ಎಂದು ಹೇಳಲಿಕ್ಕಲ್ಲ, ಅದು ನಿಮಗೆಲ್ಲ ಗೊತ್ತೇ ಇದೆ. ಬೇಕಾದ ದಿನವೇ ಅದು ತೀರಿ ಕೂಡುತ್ತದಲ್ಲ, ಅದಕ್ಕೇನು ಮಾಡಬೇಕು ಅನ್ನುವುದು ಈ ಪಾಠ. ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿರಿ. ಲೆಕ್ಕ ಬಂದ ಕಡೆ ನಿಲ್ಲಿಸಿ, ನಿಮ್ಮ ನಿಮ್ಮ ಮನೆಯ ಲೆಕ್ಕ ಹಾಕಿ ನೋಡಿ, ಆಮೇಲೆ ಮುಂದೆ ಹೋಗಿರಿ.

ಒಂದು ಮಳೆಗಾಲದ ರಾತ್ರಿ

ಹಾನಗಲ್ ತಾಲೂಕಿನ ಒಂದು ಹಳ್ಳಿಗೆ ಸಭೆಗೆಂದು ಹೋದಾಗ ಜೋರು ಮಳೆ ಹಿಡಿದು ಕಡೆಯ ಬಸ್ಸು ಬರಲಿಲ್ಲ. ಸಂಘದ ಹಿರಿಯ ಸದಸ್ಯೆಯೊಬ್ಬರ ಮನೆಯಲ್ಲೇ ಉಳಿದೆ. ಅವರ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸಿಗೆ ಇನ್ನೂ ಹನ್ನೆರಡು ದಿನ. ರಾತ್ರಿ ಹತ್ತು ಗಂಟೆ ಸುಮಾರಿಗೆ ಬಾಣಂತಿಗೆ ನೀರು ಕಾಯಿಸಲು ಇಟ್ಟರು. ಉರಿ ಒಮ್ಮೆ ಹಳದಿಯಾಯಿತು, ಸಣ್ಣಗಾಯಿತು, ಆರಿಹೋಯಿತು.

"ತೀರೇತಿ ನೋಡ್ರಿ ಅಕ್ಕಾರ," ಅಂದರು ಆ ತಾಯಿ.

"ಹಿತ್ತಲದಾಗ ಕಟಗಿ ಅದಾವಲ್ಲ ದೊಡ್ಡವ್ವಾ?"

"ಅದಾವ್ರೀ, ಎಲ್ಲಾ ತೊಯ್ದು ತಪ್ಪಡಿ ಆಗ್ಯಾವ. ಹಚ್ಚಿದ್ರ ಬರೇ ಹೊಗಿ. ಹಸಿ ಕೂಸು ಐತಿ ಮನ್ಯಾಗ."

ಕೊನೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಪಾತ್ರೆ ಹಿಡಿದುಕೊಂಡು, ನಾಲ್ಕು ಮನೆ ಆಚೆ ಹೋಗಿ ನೀರು ಕಾಯಿಸಿಕೊಂಡು ಬಂದರು. ಬೆಳಗಿನ ಜಾವ ಮತ್ತೊಮ್ಮೆ ಹೋದರು. ನಾನು ಸ್ವಲ್ಪ ಬುದ್ಧಿವಾದ ಹೇಳುವವಳ ಹಾಗೆ, "ದೊಡ್ಡವ್ವಾ, ತೀರೋಕಿಂತ ಮದ್ಲ ಬುಕ್ ಮಾಡಬೇಕಿತ್ತಲ್ಲ" ಅಂದೆ. ಅವರು ಅಂದದ್ದು ಇಷ್ಟು: "ಮದ್ಲ ಬುಕ್ ಮಾಡಿದ್ರ ಒಳಗ ಉಳಿದ ಗ್ಯಾಸ್ ಸಿಲೆಂಡರ್ ಜೋಡಿ ಅವ್ರಿಗೇ ಹೋಗತೈತಲ್ರೀ. ನಮ್ಮನ್ಯಾಗ ಇರೂದು ಒಂದ."

ಆ ರಾತ್ರಿ ನನ್ನ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. ಯೋಚಿಸಿದರೆ ಅವರ ಮಾತು ಖರೆ. ಎರಡು ಸಿಲಿಂಡರ್ ಇದ್ದವರು ಒಂದು ತೀರಿದಾಗ ಇನ್ನೊಂದನ್ನು ಜೋಡಿಸಿ, ತೀರಿದ್ದನ್ನು ಬುಕ್ ಮಾಡುತ್ತಾರೆ. ಒಂದೇ ಇದ್ದವರು ಹೊಸದನ್ನು ಪಡೆಯಬೇಕಾದರೆ ಹಳೆಯದನ್ನು ಕೊಡಬೇಕು. ಅದರಲ್ಲಿ ಗ್ಯಾಸ್ ಉಳಿದಿದ್ದರೆ ಅದೂ ಹೋಯಿತು. ಅದಕ್ಕೇ ಪೂರ್ತಿ ತೀರುವ ತನಕ ಕಾಯುತ್ತಾರೆ. ತೀರಿದ ಮೇಲೆ ಬುಕ್ ಮಾಡಿ ಗಾಡಿ ಬರುವ ತನಕ ಇನ್ನಷ್ಟು ದಿನ ಕಾಯುತ್ತಾರೆ. ಇದು ಅವರ ಉದಾಸೀನವಲ್ಲ, ಬಡವರ ಲೆಕ್ಕಾಚಾರ. ಹಾಗಾದರೆ ಈ ಲೆಕ್ಕವನ್ನು ಬೇರೆ ರೀತಿ ಹಾಕಲು ಬರುತ್ತದೆಯೇ ಎಂದು ನೋಡೋಣ.

ನಮ್ಮ ಕಡೆ ಇದು ಯಾಕೆ ದೊಡ್ಡ ಪ್ರಶ್ನೆ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕುಗಳ ಬಹಳಷ್ಟು ಬಡ ಮನೆಗಳಿಗೆ ಗ್ಯಾಸ್ ಬಂದದ್ದು 2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾದ ನಂತರ. ಆ ಯೋಜನೆಯಲ್ಲಿ ಸಾಮಾನ್ಯವಾಗಿ ಸಿಕ್ಕದ್ದು ಒಂದು ಸಿಲಿಂಡರ್, ಒಂದು ರೆಗ್ಯುಲೇಟರ್, ಒಂದು ಪೈಪು. ಸಂಪರ್ಕ ಬಂತು, ಆದರೆ ಜೋಡಿ ಸಿಲಿಂಡರ್ ಬರಲಿಲ್ಲ. ಅದೇ ಹೊತ್ತಿಗೆ ನಮ್ಮ ಹೆಣ್ಣುಮಕ್ಕಳು ಕಟ್ಟಿಗೆ ಒಟ್ಟುವುದನ್ನೂ ಕುಳ್ಳು ತಟ್ಟುವುದನ್ನೂ ಕಡಿಮೆ ಮಾಡಿದರು. ಹೊಗೆ ತಪ್ಪಿತು, ಕಣ್ಣುರಿ ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಗ್ಯಾಸ್ ತೀರಿದ ದಿನ ಹಿಂದೆ ತಿರುಗಿ ನೋಡಿದರೆ ಏನೂ ಇಲ್ಲ.

ಇನ್ನೊಂದು ವಿಷಯ. ನಮ್ಮ ಮನೆಯ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒತ್ತಡ ಹಾಕಿ ಅದನ್ನು ನೀರಿನ ಹಾಗೆ ದ್ರವ ಮಾಡಿ ತುಂಬಿರುತ್ತಾರೆ. ನಮ್ಮ ದೇಶಕ್ಕೆ ಬೇಕಾದುದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ, ಅದರಲ್ಲೂ ಬಹಳ ವರ್ಷ ಕೊಲ್ಲಿ ದೇಶಗಳಿಂದ, ಹಡಗಿನಲ್ಲಿ ಬಂದಿದೆ. ಬಂದರಿನಲ್ಲಿ ಇಳಿದು, ಟ್ಯಾಂಕರಿನಲ್ಲಿ ತುಂಬುವ ಘಟಕಕ್ಕೆ ಹೋಗಿ, ಲಾರಿಯಲ್ಲಿ ಏಜೆನ್ಸಿಯ ಗೋದಾಮಿಗೆ ಬಂದು, ಅಲ್ಲಿಂದ ಸಣ್ಣ ಗಾಡಿಯಲ್ಲಿ ನಮ್ಮ ಓಣಿಗೆ ಬರುತ್ತದೆ. ಈ ದಾರಿಯಲ್ಲಿ ಎಲ್ಲಿಯೋ ಒಂದು ಕಡೆ ತಡೆದರೂ ತೀರಾ ಕೊನೆಯಲ್ಲಿರುವ ಹಳ್ಳಿಗೆ ಅದರ ಪೆಟ್ಟು ಬೀಳುತ್ತದೆ.

ಅಂಥ ಪೆಟ್ಟು ನಮಗೆ ಹೊಸದೇನಲ್ಲ. 2019ರ ಆಗಸ್ಟ್ ತಿಂಗಳಲ್ಲಿ ವರದಾ, ಧರ್ಮಾ, ಕುಮುದ್ವತಿ ಎಲ್ಲವೂ ಉಕ್ಕಿದವು. ಹಾನಗಲ್ ಮತ್ತು ಸವಣೂರು ತಾಲೂಕಿನ ನದಿದಂಡೆಯ ಊರುಗಳಲ್ಲಿ ಮನೆಗಳಿಗೆ ನೀರು ನುಗ್ಗಿ ಜನ ಗಂಜಿ ಕೇಂದ್ರ ಸೇರಿದರು. ಮಣ್ಣಿನ ಗೋಡೆಗಳು ಕುಸಿದವು. ಒಣ ಕಟ್ಟಿಗೆ ಎಂಬುದೇ ಇರಲಿಲ್ಲ. ಮರುವರ್ಷ, 2020ರ ಮಾರ್ಚ್ 25ರಿಂದ ಕೊರೊನಾ ಲಾಕ್‌ಡೌನ್. ಆಗ ಸರ್ಕಾರ ಉಜ್ವಲಾ ಮನೆಗಳಿಗೆ ಏಪ್ರಿಲ್‌ನಿಂದ ಮೂರು ತಿಂಗಳಿಗೆ ಮೂರು ಸಿಲಿಂಡರ್ ಉಚಿತವಾಗಿ ಕೊಡುವುದಾಗಿ ಹೇಳಿತು. ಬೆಂಗಳೂರು, ಗೋವಾ ಕಡೆ ದುಡಿಯಲು ಹೋದವರು ಊರಿಗೆ ಬಂದು, ಇಬ್ಬರಿದ್ದ ಮನೆಯಲ್ಲಿ ಏಳು ಮಂದಿಯಾದಾಗ ಸಿಲಿಂಡರ್ ಎಷ್ಟು ಬೇಗ ತೀರುತ್ತದೆ ಎಂದು ಆಗ ಎಲ್ಲರಿಗೂ ಅನುಭವ ಆಯಿತು.

ಎಷ್ಟು ಉಳಿದಿದೆ ಎಂದು ತಿಳಿಯುವುದು

ಇದು ತಿಳಿಯದಿದ್ದರೆ ಮುಂದಿನ ಯಾವ ಲೆಕ್ಕವೂ ಕೂಡುವುದಿಲ್ಲ. ಸಿಲಿಂಡರಿನ ಮೇಲಿನ ಬಳೆಯನ್ನು ಹಿಡಿದಿರುವ ಪಟ್ಟಿಗಳ ಮೇಲೆ ಖಾಲಿ ಸಿಲಿಂಡರಿನ ತೂಕ ಬರೆದಿರುತ್ತದೆ. ಒಂದರಲ್ಲಿ 15.3, ಇನ್ನೊಂದರಲ್ಲಿ 16.1, ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ. ಅದಕ್ಕೆ 14.2 ಕಿಲೋ ಕೂಡಿಸಿದರೆ ತುಂಬಿದ ಸಿಲಿಂಡರಿನ ತೂಕ. ಖಾಲಿ ತೂಕ 15.5 ಇದ್ದರೆ ತುಂಬಿದ್ದು 29.7 ಕಿಲೋ ತೂಗಬೇಕು.

ಹೊಸ ಸಿಲಿಂಡರ್ ಬಂದಾಗ ನಿಮ್ಮೆದುರಿಗೆ ತೂಗಿ ತೋರಿಸಿರಿ ಎಂದು ಕೇಳುವುದು ನಿಮ್ಮ ಹಕ್ಕು. ತರುವ ಹುಡುಗನ ಹತ್ತಿರ ತೂಕದ ಕೊಂಡಿ ಇರಬೇಕು. "ಇಲ್ರೀ, ಇವತ್ತ ತಂದಿಲ್ಲ" ಅಂದರೆ ಕಿರಾಣಿ ಅಂಗಡಿಯ ಕಾಂಟಾದ ಮೇಲೆ ಇಡಿಸಿರಿ. ಜಗಳ ಬೇಡ, ತೂಕ ಇರಲಿ. ಹಾಗೆಯೇ ಸೀಲು ನೋಡಿರಿ. ಆ ಪಟ್ಟಿಯ ಒಳಬದಿಗೆ ಇಂಗ್ಲಿಷಿನ ಎ, ಬಿ, ಸಿ, ಡಿ ಇವುಗಳಲ್ಲಿ ಒಂದು ಅಕ್ಷರ ಮತ್ತು ಎರಡು ಅಂಕಿ ಇರುತ್ತವೆ, ಅದನ್ನೂ ನೋಡಿರಿ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈಯಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಬಿ 28 ಎಂದು ಇದ್ದರೆ ಆ ಸಿಲಿಂಡರನ್ನು 2028ರ ಜೂನ್ ಒಳಗೆ ಮತ್ತೆ ಪರೀಕ್ಷೆಗೆ ಒಳಪಡಿಸಬೇಕು ಎಂದರ್ಥ. ಅವಧಿ ಮುಗಿದದ್ದನ್ನು ತೆಗೆದುಕೊಳ್ಳಬೇಡಿ.

ಬಳಕೆಯಲ್ಲಿರುವ ಸಿಲಿಂಡರನ್ನು ವಾರ ವಾರ ಕಾಂಟಾಕ್ಕೆ ಹೊತ್ತೊಯ್ಯಲು ಆಗುವುದಿಲ್ಲ. ಅದಕ್ಕೆ ಒಂದು ಸುಲಭ ಉಪಾಯ. ತೊಯ್ದ ಅರಿವೆಯಿಂದ ಸಿಲಿಂಡರನ್ನು ಮೇಲಿನಿಂದ ಕೆಳಗಿನ ತನಕ ಒರೆಸಿ ನಾಲ್ಕೈದು ನಿಮಿಷ ಬಿಡಿರಿ. ದ್ರವ ಇರುವ ಕೆಳಭಾಗ ತಂಪಾಗಿದ್ದು ತಡವಾಗಿ ಒಣಗುತ್ತದೆ, ಖಾಲಿಯಾದ ಮೇಲ್ಭಾಗ ಬೇಗ ಒಣಗುತ್ತದೆ. ಹಸಿ ಎಲ್ಲಿಯವರೆಗೆ ನಿಂತಿತೋ ಸುಮಾರು ಅಲ್ಲಿಯವರೆಗೆ ಗ್ಯಾಸ್ ಇದೆ. ಮಳೆಗಾಲದ ತಂಪಿನಲ್ಲಿ ಇದು ಅಷ್ಟು ಸ್ಪಷ್ಟವಾಗಿ ಕಾಣಲಿಕ್ಕಿಲ್ಲ. ಆದ್ದರಿಂದ ಕ್ಯಾಲೆಂಡರಿನ ಮೇಲೆ ಸಿಲಿಂಡರ್ ಜೋಡಿಸಿದ ದಿನಕ್ಕೆ ಗುರುತು ಹಾಕುವುದೇ ಎಲ್ಲಕ್ಕಿಂತ ನಂಬಿಕೆಯ ದಾರಿ. ಮೂರು ಸಿಲಿಂಡರಿನ ದಿನಗಳನ್ನು ಬರೆದಿಟ್ಟರೆ ನಿಮ್ಮ ಮನೆಗೆ ಒಂದು ಎಷ್ಟು ದಿನ ಬರುತ್ತದೆ ಎಂದು ಬಾಯಿಪಾಠ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ತೀರುವ ಹೊತ್ತಿಗೆ ಸಿಲಿಂಡರನ್ನು ಅಡ್ಡ ಮಲಗಿಸುವುದು, ಅಲುಗಾಡಿಸುವುದು, ಕುದಿಯುವ ನೀರಿನಲ್ಲಿ ಇಡುವುದು, ಇದನ್ನೆಲ್ಲ ನಮ್ಮ ಕಡೆ ಮಾಡುತ್ತಾರೆ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ಹರಿದು ಉರಿ ಒಮ್ಮೆಲೇ ಎದ್ದು ಮುಖಕ್ಕೆ ಹೊಡೆಯುತ್ತದೆ. ಒಂದು ಚಹಾದ ಆಸೆಗೆ ಇದು ಬೇಡ.

ಒಂದೇ ಸಿಲಿಂಡರ್ ಇದ್ದವರ ಲೆಕ್ಕ

ಈಗ ದೊಡ್ಡವ್ವನ ಪ್ರಶ್ನೆಗೆ ಬರೋಣ. ಒಂದು ಮನೆಗೆ ಸಿಲಿಂಡರ್ 45 ದಿನ ಬರುತ್ತದೆ ಎಂದು ಹಿಡಿಯಿರಿ. 14.2 ಕಿಲೋವನ್ನು 45ರಿಂದ ಭಾಗಿಸಿದರೆ ದಿನಕ್ಕೆ 315 ಗ್ರಾಂ. ಬುಕ್ ಮಾಡಿದ ಮೇಲೆ ಗಾಡಿ ಬರಲು ವಾರ ಹಿಡಿಯುತ್ತದೆ ಅಂದರೆ 2.2 ಕಿಲೋ ಉಳಿದಾಗಲೇ ಬುಕ್ ಮಾಡಬೇಕು. ಮಳೆಗಾಲದಲ್ಲಿ ಇನ್ನೂ ಮೂರು ನಾಲ್ಕು ದಿನ ಹೆಚ್ಚು ಹಿಡಿದು, 3 ಕಿಲೋ ಇರುವಾಗ ಬುಕ್ ಮಾಡಿದರೆ ಒಳ್ಳೆಯದು. ಕ್ಯಾಲೆಂಡರಿನ ಲೆಕ್ಕದಲ್ಲಿ ಅದು 35ನೆಯ ದಿನ.

ಗಾಡಿ ಬೇಗ ಬಂದುಬಿಟ್ಟರೆ? ಒಂದು ಕಿಲೋ ಉಳಿದ ಸಿಲಿಂಡರನ್ನು ಕೊಟ್ಟರೆ ಎಷ್ಟು ನಷ್ಟ? ಬೆಲೆ 900 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಕಿಲೋಗೆ 63 ರೂಪಾಯಿ. ಇದು ಸಣ್ಣ ಮೊತ್ತವೆಂದು ನಾನು ಹೇಳುವುದಿಲ್ಲ. ಕೂಲಿ ಮಾಡುವವಳಿಗೆ ಅದು ಒಂದು ದಿನದ ಕಾಯಿಪಲ್ಲೆ. ಆದರೆ ಮನೆಯಲ್ಲಿ ಬಾಣಂತಿ, ಹಾಸಿಗೆ ಹಿಡಿದ ಹಿರಿಯರು, ಆಪರೇಷನ್ ಆದವರು ಇದ್ದಾಗ ಆ 63 ರೂಪಾಯಿಯನ್ನು ಕಳೆದುಕೊಳ್ಳುವುದೇ ಸರಿ. ಬೇರೆ ದಿನಗಳಲ್ಲಿ ಗಾಡಿಯವನಿಗೆ ಮುಂದಿನ ಸರದಿಗೆ ತರಲು ಹೇಳಬಹುದೋ, ಗೋದಾಮಿಗೆ ನೀವೇ ಹೋಗಿ ತರಲು ಬರುತ್ತದೋ, ನಿಮ್ಮ ಏಜೆನ್ಸಿಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿರಿ. ಗೋದಾಮಿನಿಂದ ನೀವೇ ತಂದರೆ ಮನೆಗೆ ಮುಟ್ಟಿಸುವ ಖರ್ಚನ್ನು ಬಿಲ್ಲಿನಲ್ಲಿ ಕಡಿಮೆ ಮಾಡಬೇಕು. ಮನೆಗೆ ತಂದುಕೊಟ್ಟರೂ ಬಿಲ್ಲಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ.

ಒಂದು ಬುಕಿಂಗ್ ಮತ್ತು ಇನ್ನೊಂದರ ನಡುವೆ ಎಷ್ಟು ದಿನ ಬಿಡಬೇಕು ಎಂಬ ನಿಯಮ ಆಗಾಗ ಬದಲಾಗುತ್ತದೆ. ಅದನ್ನೂ ಅಲ್ಲಿಯೇ ಕೇಳಿಕೊಳ್ಳಿರಿ.

ಇದಕ್ಕಿಂತ ಗಟ್ಟಿಯಾದ ದಾರಿ ಎರಡನೆಯ ಸಿಲಿಂಡರ್. ದೊಡ್ಡ ಸಿಲಿಂಡರಿಗೆ 2022ರ ಜೂನ್‌ನಲ್ಲಿ ಠೇವಣಿಯನ್ನು 1,450ರಿಂದ 2,200 ರೂಪಾಯಿಗೆ ಏರಿಸಿದರು. ಈಗಿನ ದರವನ್ನು ಏಜೆನ್ಸಿಯಲ್ಲಿ ಕೇಳಬೇಕು. ಅದು ಠೇವಣಿ, ಸಿಲಿಂಡರ್ ಮರಳಿ ಕೊಟ್ಟ ದಿನ ಹಣ ವಾಪಸ್ಸು ಬರುತ್ತದೆ. ಅದಕ್ಕಾಗಿ ಅವರು ಕೊಡುವ ವೋಚರ್ ಕಾಗದವನ್ನು ರೇಷನ್ ಕಾರ್ಡಿನ ಜೊತೆ ಇಡಿರಿ. ನನಗೆ ಕಂಡಂತೆ ಸಂಘದಿಂದ ಸಾಲ ತೆಗೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ಕಡಿಮೆ. ಜಾತ್ರೆಗೆ ಸೀರೆ ತೆಗೆಯಲು ಸಾಲ ಕೊಡುತ್ತೇವೆ, ಇದಕ್ಕೆ ಯಾರೂ ಕೇಳುವುದಿಲ್ಲ!

ಅಷ್ಟು ಆಗದವರಿಗೆ 5 ಕಿಲೋದ ಸಣ್ಣ ಸಿಲಿಂಡರ್ ಇದೆ. ಉಜ್ವಲಾ ಯೋಜನೆಯಲ್ಲಿ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು 5 ಕಿಲೋದ ಸಿಲಿಂಡರ್ ಪಡೆಯುವ ಅವಕಾಶವನ್ನು ಇಟ್ಟಿದ್ದಾರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ದಿನಕ್ಕೆ 315 ಗ್ರಾಂ ಸುಡುವ ಮನೆಗೆ ಒಂದು ಸಣ್ಣದು 16 ದಿನ ಬರುತ್ತದೆ. ಒಂದು ತೀರಿದ ದಿನ ಇನ್ನೊಂದು ಪೂರ್ತಿ ತುಂಬಿ ಕೂತಿರುತ್ತದೆ, ಅಂದರೆ ಹೊಸದನ್ನು ತರಲು ಎರಡು ವಾರದ ಪುರಸೊತ್ತು. ಒಳಗೆ ಉಳಿದದ್ದು ಹೋಗುತ್ತದೆ ಎಂಬ ಚಿಂತೆಯಿಲ್ಲ. ಒಮ್ಮೆಗೆ ಕೊಡಬೇಕಾದ ಹಣವೂ ಮೂರರಲ್ಲಿ ಒಂದು ಪಾಲು. ತೊಂದರೆ ಏನೆಂದರೆ ಮತ್ತೆ ಮತ್ತೆ ಬುಕ್ ಮಾಡಬೇಕು, ಮತ್ತು ಎಲ್ಲ ಏಜೆನ್ಸಿಗಳಲ್ಲಿ ಸಣ್ಣದು ಬೇಕೆಂದಾಗ ಸಿಗುತ್ತದೆ ಎನ್ನುವಂತಿಲ್ಲ. ಒಬ್ಬರೇ ಹೋಗಿ ಕೇಳಿದರೆ "ಇಲ್ಲ" ಎಂಬ ಒಂದೇ ಮಾತಿಗೆ ಮರಳಬೇಕಾಗುತ್ತದೆ. ಸಂಘದ ಹತ್ತು ಮಂದಿ ಸಹಿ ಮಾಡಿ ಅರ್ಜಿ ಕೊಟ್ಟರೆ ಅವರಿಗೂ ತರಿಸಲು ಅನುಕೂಲ.

ಪೇಟೆಯಲ್ಲಿ ಗುರುತಿನ ಚೀಟಿ ತೋರಿಸಿ ಕೊಳ್ಳುವ 5 ಕಿಲೋದ ಸಿಲಿಂಡರ್ ಬೇರೆ. ಅದಕ್ಕೆ ಸಬ್ಸಿಡಿ ಇಲ್ಲ, ಬೆಲೆಯೂ ಹೆಚ್ಚು. ರಸ್ತೆ ಬದಿಯ ಅಂಗಡಿಗಳಲ್ಲಿ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ತುಂಬಿಕೊಡುತ್ತಾರಲ್ಲ, ಅಲ್ಲಿಗೆ ಮಾತ್ರ ಹೋಗಲೇಬೇಡಿ. ಅದು ಕಾನೂನಿಗೆ ವಿರುದ್ಧ. ತುಂಬುವವನಿಗೂ ಗೊತ್ತಿರುವುದಿಲ್ಲ, ಒಳಗೆ ಎಷ್ಟು ಹೋಯಿತು ಎಂದು.

ಹಣ ಕೈಯಲ್ಲಿ ಇಲ್ಲದ ದಿನ

ಗ್ಯಾಸ್ ತರಿಸದಿರಲು ನಿಜವಾದ ಕಾರಣ ಅನೇಕ ಸಲ ಗಾಡಿಯಲ್ಲ, ದುಡ್ಡು. ಉಜ್ವಲಾ ಮನೆಗಳಿಗೆ 2022ರ ಮೇ ತಿಂಗಳಿಂದ ಸಿಲಿಂಡರಿಗೆ 200 ರೂಪಾಯಿ, 2023ರ ಅಕ್ಟೋಬರ್‌ನಿಂದ 300 ರೂಪಾಯಿ ಸಹಾಯಧನ ಕೊಡತೊಡಗಿದರು. ಆದರೆ ಅದು ಬ್ಯಾಂಕಿನ ಖಾತೆಗೆ ಆಮೇಲೆ ಬರುತ್ತದೆ. ಬಾಗಿಲಲ್ಲಿ ನಿಂತ ಹುಡುಗನಿಗೆ ಪೂರ್ತಿ ಹಣ ಮೊದಲು ಎಣಿಸಬೇಕು. ಬಿತ್ತನೆಯ ಹೊತ್ತಿಗೆ ಬೀಜ ಗೊಬ್ಬರಕ್ಕೆ ಎಲ್ಲ ಸುರಿದು, ಗೋವಿನಜೋಳ ಇನ್ನೂ ಮೊಣಕಾಲೆತ್ತರ ಇರುವ ದಿನಗಳಲ್ಲಿ 900 ರೂಪಾಯಿ ಎಲ್ಲಿಂದ ಬರಬೇಕು? ಮಳೆ ಜೋರಿರುವುದೂ, ಕಟ್ಟಿಗೆ ತೊಯ್ದಿರುವುದೂ ಅದೇ ದಿನಗಳಲ್ಲಿ.

ಮತ್ತೆ ಲೆಕ್ಕಕ್ಕೆ ಬನ್ನಿ. 900 ರೂಪಾಯಿ, 45 ದಿನ. ದಿನಕ್ಕೆ 20 ರೂಪಾಯಿ, ವಾರಕ್ಕೆ 140. ವಾರದ ಉಳಿತಾಯದ ಜೊತೆಗೆ ಇದನ್ನು ಬೇರೆ ಕಾಲಮ್ಮಿನಲ್ಲಿ ಬರೆಸಿ, ಆರು ವಾರ ಮುಗಿದಾಗ ಕೈಗೆ ತೆಗೆದುಕೊಂಡರೆ ಸಿಲಿಂಡರಿನ ದಿನ ಸಾಲದ ಮಾತೇ ಇಲ್ಲ. ಆರು ವಾರಕ್ಕೆ 840 ಆಗುತ್ತದೆ, ಉಳಿದ 60 ಹೇಗೋ ಹೊಂದುತ್ತದೆ. ಪೂರ್ತಿ ಆಗದಿದ್ದರೆ ವಾರಕ್ಕೆ 50 ಹಾಕಿರಿ, ಮೂರರಲ್ಲಿ ಒಂದು ಭಾಗವಾದರೂ ಕೂಡುತ್ತದೆ. ಇದಕ್ಕೆ ಹೊಸ ಠರಾವು ಬರೆದು, ಈ ಹಣವನ್ನು ಬೇರೆ ಸಾಲಕ್ಕೆ ಕೊಡತಕ್ಕದ್ದಲ್ಲ ಎಂದು ಸ್ಪಷ್ಟವಾಗಿ ನಮೂದಿಸಿರಿ. ಇಲ್ಲದಿದ್ದರೆ ಯಾರದೋ ಮದುವೆಗೆ ಅದು ಹೋಗಿ ಕೂಡುತ್ತದೆ.

ಸಂಘದಲ್ಲಿ ಹಣವನ್ನು ಕೂಡಿಡಿ, ಸಿಲಿಂಡರನ್ನಲ್ಲ. ಒಬ್ಬರ ಮನೆಯಲ್ಲಿ ಹತ್ತು ಸಿಲಿಂಡರ್ ಪೇರಿಸಿಡುವ ಯೋಚನೆ ಬಂದರೆ ಬಿಟ್ಟುಬಿಡಿ, ಅದು ಅಪಾಯ.

ಫೋನ್ ನಂಬರ್ ಯಾರದು?

ಇದು ಸಣ್ಣ ವಿಷಯ, ಆದರೆ ಹಳ್ಳಿಯಲ್ಲಿ ಇದರಿಂದಲೇ ಬಹಳ ಸಿಲಿಂಡರ್ ತಡವಾಗುತ್ತವೆ. ಏಜೆನ್ಸಿಯಲ್ಲಿ ಬರೆಸಿದ ಮೊಬೈಲಿನಿಂದಲೇ ಬುಕ್ ಆಗಬೇಕು, ಸಿಲಿಂಡರ್ ಕೊಡುವಾಗ ಹೇಳಬೇಕಾದ ಸಂಕೇತ ಸಂಖ್ಯೆಯೂ ಅದೇ ಮೊಬೈಲಿಗೆ ಬರುತ್ತದೆ. ಸಂಪರ್ಕ ತೆಗೆದುಕೊಂಡಾಗ ಮಗನ ನಂಬರ್ ಕೊಟ್ಟಿರುತ್ತೀರಿ, ಮಗ ಈಗ ಬೆಂಗಳೂರಿನಲ್ಲಿ. ಗಾಡಿ ಬಾಗಿಲಿಗೆ ಬಂದಿದೆ, ನಂಬರ್ ಅಲ್ಲಿ ಹೋಗಿದೆ, ಅವನು ಡ್ಯೂಟಿಯಲ್ಲಿದ್ದು ಫೋನ್ ಎತ್ತುವುದಿಲ್ಲ. ಮನೆಯಲ್ಲಿ ಯಾವಾಗಲೂ ಇರುವ ಫೋನಿನ ನಂಬರನ್ನೇ ಬರೆಸಿರಿ. ಬದಲಾಯಿಸಲು ಪಾಸ್‌ಬುಕ್ಕು ಮತ್ತು ಆಧಾರ್ ತೆಗೆದುಕೊಂಡು ಏಜೆನ್ಸಿಗೆ ಹೋದರೆ ಸಾಕು.

ಎರಡನೆಯ ಒಲೆ

ಗ್ಯಾಸ್ ಬಂದ ಮೇಲೆ ಹಳೆಯ ಒಲೆಯನ್ನು ಕಿತ್ತು ಹಾಕಿದವರು ಇದ್ದಾರೆ. ಬೇಡ. ಆದರೆ ಅದು ಗ್ಯಾಸ್ ಇರುವ ಕೋಣೆಯಲ್ಲಿ ಇರಬಾರದು. ಸಿಲಿಂಡರಿನ ಪಕ್ಕದಲ್ಲೇ ಕಟ್ಟಿಗೆ ಒಲೆ ಉರಿಯುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿ ಎದೆ ಹಾರಿದೆ. ಹಿತ್ತಲಲ್ಲಿ, ಮೇಲೆ ಎರಡು ತಗಡು ಹಾಕಿದ ಜಾಗದಲ್ಲಿ ಇರಲಿ. ಸಾಧ್ಯವಿದ್ದವರು ಅಸ್ತ್ರ ಒಲೆ ಹಾಕಿಸಿಕೊಳ್ಳಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ ಶುರುವಾದ ಅಸ್ತ್ರ ಎಂಬ ವಿಭಾಗದವರು ರೂಪಿಸಿದ್ದು ಅದು. ಕಟ್ಟಿಗೆ ಕಡಿಮೆ ಸುಡುತ್ತದೆ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ.

ಕಟ್ಟಿಗೆಯನ್ನು ಒಟ್ಟಬೇಕಾದದ್ದು ಬೇಸಿಗೆಯಲ್ಲಿ. ಹಿರೇಕೆರೂರು ಕಡೆಯವರಿಗೆ ಹತ್ತಿ ಕಟಗಿ ಮತ್ತು ಗೋವಿನಜೋಳದ ಬೆಂಡು ಬೇಕಾದಷ್ಟು ಸಿಗುತ್ತವೆ, ಹಾನಗಲ್ಲಿನವರಿಗೆ ಮಾವಿನ ಟೊಂಗೆ. ಹದಿನೈದು ದಿನಕ್ಕೆ ಆಗುವಷ್ಟನ್ನು ಮೇ ತಿಂಗಳಲ್ಲೇ ಅಟ್ಟದ ಮೇಲೋ ದನದ ಕೊಟ್ಟಿಗೆಯ ಒಣ ಮೂಲೆಯಲ್ಲೋ ಇಡಿರಿ, ದಿನಾ ಅದಕ್ಕೆ ಕೈ ಹಾಕಬೇಡಿ. ಇದು ಆಪತ್ತಿನ ಕಟ್ಟಿಗೆ.

ಈ ಎರಡನೆಯ ಒಲೆ ಇದ್ದರೆ ಗ್ಯಾಸನ್ನು ಜಾಣತನದಿಂದ ಉಳಿಸಲು ಬರುತ್ತದೆ. ಬುಕ್ ಮಾಡಿದ ದಿನದಿಂದ ಸ್ನಾನದ ನೀರು, ರೊಟ್ಟಿ, ಕಾಳು ಬೇಯಿಸುವುದು ಹೊರಗಿನ ಒಲೆಯಲ್ಲಿ. ಕೂಸಿನ ನೀರು, ಗಂಜಿ, ರಾತ್ರಿಯ ಔಷಧಕ್ಕೆ ಬಿಸಿನೀರು ಮಾತ್ರ ಗ್ಯಾಸಿನಲ್ಲಿ. ದೊಡ್ಡ ಬರ್ನರ್ ಪೂರ್ತಿ ಉರಿಗೆ ಗಂಟೆಗೆ ಸುಮಾರು 150ರಿಂದ 200 ಗ್ರಾಂ ಗ್ಯಾಸ್ ಬೇಕು. 3 ಕಿಲೋ ಉಳಿದಿದ್ದರೆ ಕಡಿಮೆ ಅಂದರೂ 15 ಗಂಟೆಯ ಉರಿ ನಿಮ್ಮ ಕೈಯಲ್ಲಿದೆ. ದಿನಕ್ಕೆ ಒಂದೇ ಗಂಟೆ ಬಳಸಿದರೆ ಅರ್ಧ ತಿಂಗಳು!

ಮೂರು ನಾಲ್ಕು ದನ ಇದ್ದು, ನೀರಿನ ಅನುಕೂಲ ಇದ್ದವರು ಗೋಬರ್ ಗ್ಯಾಸ್ ವಿಚಾರ ಮಾಡಬಹುದು. 2 ಘನಮೀಟರಿನ ದೀನಬಂಧು ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಐದಾರು ಮಂದಿಯ ಅಡುಗೆ ಆಗುತ್ತದೆ. ಅದರ ಬಗ್ಗೆ ಬೇರೆಯೇ ಪಾಠ ಬೇಕು, ಇಲ್ಲಿ ಬೇಡ.

ಸಿಲಿಂಡರ್ ಇಡುವ ಜಾಗ, ಮತ್ತು ನೆರೆ ಬಂದಾಗ

ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ನೀರಿನಂತೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರನ್ನು ತಗ್ಗಿನಲ್ಲಿ, ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬಾರದು. ನೆಟ್ಟಗೆ ನಿಲ್ಲಿಸಿರಿ. ಒಲೆ ಸಿಲಿಂಡರಿಗಿಂತ ಎತ್ತರದ ಕಟ್ಟೆಯ ಮೇಲಿರಲಿ. ನಮ್ಮವರು ನೆಲದ ಮೇಲೆ ಕೂತು ಅಡುಗೆ ಮಾಡಿ ರೂಢಿ, ಅದಕ್ಕೆ ಒಲೆಯನ್ನು ನೆಲಕ್ಕೇ ಇಡುತ್ತಾರೆ, ಇದನ್ನು ಬದಲಾಯಿಸಬೇಕು. ತುಂಬಿದ ಎರಡನೆಯ ಸಿಲಿಂಡರಿಗೆ ಮುಚ್ಚಳ ಹಾಕಿಯೇ ಇಡಿರಿ. ಕಿತ್ತಲೆ ಬಣ್ಣದ ಐ.ಎಸ್.ಐ. ಗುರುತಿನ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಿರಿ. ಅದರ ಮೇಲೆ ವರ್ಷ ಬರೆದಿರುತ್ತದೆ.

ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆಯಿರಿ. ಲೈಟಿನ ಬಟನ್ ಹಾಕುವುದೂ ಬೇಡ, ತೆಗೆಯುವುದೂ ಬೇಡ. ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು 1906ಕ್ಕೆ ಫೋನ್ ಮಾಡಿರಿ. ಸೋರಿಕೆ ಹುಡುಕಲು ಸೋಪಿನ ನೀರು, ಕಡ್ಡಿಪೆಟ್ಟಿಗೆ ಅಲ್ಲ.

ನದಿದಂಡೆಯ ಊರಿನವರಿಗೆ ಒಂದು ಮಾತು. ಸಿಲಿಂಡರ್ ಕಬ್ಬಿಣದ್ದು, ಮುಳುಗುತ್ತದೆ ಎಂದುಕೊಳ್ಳಬೇಡಿ. ದೊಡ್ಡ ಸಿಲಿಂಡರಿನ ಒಳಗೆ 33 ಲೀಟರಿಗಿಂತ ಹೆಚ್ಚು ನೀರು ಹಿಡಿಯುವಷ್ಟು ಜಾಗ ಇದೆ, ಗ್ಯಾಸ್ ತುಂಬಿದರೂ ಅದರ ತೂಕ 30 ಕಿಲೋ ಆಸುಪಾಸು. ಹಾಗಾಗಿ ತುಂಬಿದ್ದೂ ನೀರಿನ ಮೇಲೆ ತೇಲುತ್ತದೆ, ಖಾಲಿಯಂತೂ ಕೇಳುವುದೇ ಬೇಡ. ನೆರೆ ನೀರಿನಲ್ಲಿ ತೇಲಿಕೊಂಡು ಗೋಡೆಗೆ, ಕಂಬಕ್ಕೆ ಬಡಿಯುತ್ತದೆ. ನೀರು ಏರುತ್ತಿದೆ ಎಂದು ಡಂಗುರ ಕೇಳಿದ ಕೂಡಲೇ ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ಎತ್ತರದ ಜಾಗಕ್ಕೆ ಸಾಗಿಸಿರಿ. ಆಗದಿದ್ದರೆ ಗಟ್ಟಿ ಕಂಬಕ್ಕೆ ನೆಟ್ಟಗೆ ನಿಲ್ಲುವಂತೆ ಹಗ್ಗದಿಂದ ಬಿಗಿಯಿರಿ. ರೆಗ್ಯುಲೇಟರ್, ಪಾಸ್‌ಬುಕ್ಕು, ವೋಚರ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ನಿಮ್ಮ ಜೊತೆ ಬರಲಿ. ನೀರು ಇಳಿದ ಮೇಲೆ ಕೆಸರು ಹೊಕ್ಕ ರೆಗ್ಯುಲೇಟರನ್ನು ನೀವೇ ಒರೆಸಿ ಹಚ್ಚಬೇಡಿ. ಏಜೆನ್ಸಿಯ ಮೆಕ್ಯಾನಿಕ್ ನೋಡಿದ ಮೇಲೆಯೇ ಹಚ್ಚಿರಿ.

ಎರವಲು ಕೊಡುವ ಮಾತು

ಕೊನೆಗೆ ಒಂದು ಮುಜುಗರದ ವಿಷಯ. ನೆರೆಮನೆಯವರು ಬಂದು "ಯವ್ವಾ, ನಿನ್ನ ತುಂಬಿದ ಸಿಲೆಂಡರ್ ಕೊಡ, ನಂದು ಬಂದಕೂಡ್ಲೆ ಕೊಡ್ತೀನಿ" ಅಂದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಆದರೆ ಒಬ್ಬರ ಹೆಸರಿನ ಸಿಲಿಂಡರನ್ನು ಇನ್ನೊಬ್ಬರ ಮನೆಯಲ್ಲಿ ಜೋಡಿಸುವುದು ನಿಯಮಕ್ಕೆ ವಿರುದ್ಧ. ಗ್ಯಾಸಿನಿಂದ ಅವಘಡವಾದರೆ ಕಂಪನಿಗಳು ಮಾಡಿಸಿದ ವಿಮೆ ಇದೆ. ಜೀವ ಹೋದರೆ ಒಬ್ಬರಿಗೆ 6 ಲಕ್ಷ ರೂಪಾಯಿವರೆಗೆ, ಮನೆಯ ಹಾನಿಗೆ 2 ಲಕ್ಷದವರೆಗೆ ಎಂದು ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. ಮನೆಯ ಹಾನಿಯ ಪರಿಹಾರ ಏಜೆನ್ಸಿಯಲ್ಲಿ ನೋಂದಾಯಿಸಿದ ವಿಳಾಸಕ್ಕೆ ಮಾತ್ರ. ಎರವಲು ತಂದ ಸಿಲಿಂಡರ್ ಬೇರೆ ಮನೆಯಲ್ಲಿ ಸಿಡಿದರೆ ಕೊಟ್ಟವರೂ ತಂದವರೂ ಇಬ್ಬರೂ ಸಿಕ್ಕಿಕೊಳ್ಳುತ್ತಾರೆ.

ಹಾಗಂತ ಬಾಗಿಲು ಹಾಕಿಕೊಳ್ಳಬೇಕೇ? ಅಲ್ಲ. ಸಿಲಿಂಡರ್ ಕೊಡಬೇಡಿ, ನಿಮ್ಮ ಒಲೆಯಲ್ಲಿ ಜಾಗ ಕೊಡಿರಿ. ಆ ರಾತ್ರಿ ದೊಡ್ಡವ್ವನಿಗೆ ನಾಲ್ಕು ಮನೆ ಆಚೆಯವರು ಮಾಡಿದ್ದು ಇದನ್ನೇ. ನಿಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ಒಬ್ಬರೇ ಇರುವ ವಯಸ್ಸಾದವರು, ಯಾರ ಮನೆಯಲ್ಲಿ ಎರಡು ಸಿಲಿಂಡರ್ ಇವೆ ಎಂದು ಸಂಘಕ್ಕೆ ಗೊತ್ತಿರಲಿ. ಮಳೆಗಾಲ ಶುರುವಾಗುವ ಮೊದಲೇ, ರಾತ್ರಿ ಯಾರ ಬಾಗಿಲು ಬಡಿಯಬಹುದು ಎಂದು ಮಾತಾಡಿಕೊಂಡಿರಿ. ನಾಚಿಕೆಯಿಂದ ಯಾರೂ ಕೇಳದೆ ಕೂರುವಂತಾಗಬಾರದು.

ದೊಡ್ಡವ್ವ ಈಗ ಏನು ಮಾಡಿದ್ದಾರೆ ಎಂದು ಕೇಳುತ್ತೀರಿ. ಸಂಘದಿಂದ ಸಾಲ ತೆಗೆದು ಎರಡನೆಯ ಸಿಲಿಂಡರ್ ತಂದಿದ್ದಾರೆ, ಹತ್ತು ಕಂತಿನಲ್ಲಿ ತೀರಿಸುತ್ತಿದ್ದಾರೆ. ಕಳೆದ ಸಲ ಹೋದಾಗ ಮೂಲೆಯಲ್ಲಿದ್ದ ಅದನ್ನು ತೋರಿಸಿ, "ಇದಕ್ಕ ಯಾರೂ ಮುಟ್ಟಂಗಿಲ್ರಿ ಅಕ್ಕಾರ, ಇದು ಮೊಮ್ಮಗಂದು" ಅಂದರು.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆದುಕೊಂಡು ಬನ್ನಿರಿ: ನಿಮ್ಮ ಸಿಲಿಂಡರಿನ ಮೇಲಿರುವ ಖಾಲಿ ತೂಕ, ಅದನ್ನು ಜೋಡಿಸಿದ ತಾರೀಖು, ಪೈಪಿನ ಮೇಲಿರುವ ವರ್ಷ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿರಿ, ಅವರಿಗೂ ತಿಳಿಯುತ್ತದೆ. 5 ಕಿಲೋದ ಸಿಲಿಂಡರ್ ಬೇಕಾದವರ ಹೆಸರುಗಳನ್ನು ಅದೇ ಸಭೆಯಲ್ಲಿ ಬರೆದುಕೊಂಡು ಅರ್ಜಿ ತಯಾರಿಸೋಣ.